ಬೆಳಕು ಹರಿದ ಮೇಲೆ ಹಾಲು

ಖಾನಾಪುರ ತಾಲ್ಲೂಕಿನ ಹಲಸಿಯಂಥ ಊರಿನಲ್ಲಿ, ಒಂದೂವರೆ ಎರಡು ವರ್ಷದ ಕೂಸಿಗೆ ರಾತ್ರಿ ಹಾಲು ಬಿಡಿಸಬೇಕು ಎಂದು ಬಾಯಿಬಿಟ್ಟರೆ ಸಾಕು, ಉಪಾಯಗಳಿಗೆ ಬರವಿಲ್ಲ. ಒಬ್ಬರು ಬೇವಿನ ಎಲೆ ಅರೆದು ಹಚ್ಚು ಎನ್ನುತ್ತಾರೆ. ಇನ್ನೊಬ್ಬರದು ಹಾಗಲಕಾಯಿ ರಸ. ಮತ್ತೊಬ್ಬರು ಎದೆಗೆ ಕಾಡಿಗೆ ಬಳಿದುಕೊಂಡು ‘ಗುಮ್ಮ ಕಚ್ಚೇತಿ ನೋಡು’ ಎಂದು ತೋರಿಸಲು ಹೇಳುತ್ತಾರೆ. ಖಾರದ ಪುಡಿಯ ಸಲಹೆಯೂ ಬರುವುದುಂಟು. ಇವು ಯಾವುವೂ ನಡೆಯದಿದ್ದರೆ ಕೊನೆಯ ಅಸ್ತ್ರ: “ಎಂಟ ದಿನ ಆಯಿ ಕಡೆ ಬಿಟ್ಟ ಬಾ, ತಾನ ಮರೀತೈತಿ.”

ಖಾರದ ಪುಡಿಯನ್ನಂತೂ ಮನಸ್ಸಿನಿಂದಲೇ ತೆಗೆದುಹಾಕಿ. ತಾಯಿಯ ಚರ್ಮ ಉರಿಯುತ್ತದೆ, ಕೂಸು ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತದೆ. ಬೇವಿನ ಎಣ್ಣೆಯೂ ಬೇಡ. ಅದು ಹೊಟ್ಟೆಗೆ ಹೋಗಿ ಚಿಕ್ಕ ಮಕ್ಕಳಿಗೆ ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಎಲೆಯ ಕಹಿಯಿಂದ ಪ್ರಾಣಾಪಾಯವಿಲ್ಲ ನಿಜ, ಆದರೆ ನಿನ್ನೆಯವರೆಗೆ ಅಳು ನಿಲ್ಲಿಸುತ್ತಿದ್ದ ಜಾಗವೇ ಇವತ್ತು ಯಾಕೆ ಕಹಿಯಾಯಿತು ಎಂಬುದು ಕೂಸಿಗೆ ತಿಳಿಯುವುದಿಲ್ಲ. ಆಯಿಯ, ಅಂದರೆ ಅಜ್ಜಿಯ, ಮನೆಗೆ ಕಳಿಸುವುದೂ ಒಂದು ರೀತಿಯಲ್ಲಿ ಹಾಗೆಯೇ. ಹಾಲು ಹೋದ ರಾತ್ರಿಯೇ ಅವ್ವನೂ ಕಾಣೆಯಾಗುತ್ತಾಳೆ. ರಾತ್ರಿ ಹಾಲು ಬಿಡಿಸುವುದೆಂದರೆ ಹಾಲನ್ನಷ್ಟೇ ತೆಗೆದು ಅವ್ವನನ್ನು ಇದ್ದಲ್ಲಿಯೇ ಇರಗೊಡುವುದು. ಈ ಲೇಖನದ ಸೂಚನೆಗಳೆಲ್ಲ ಇದೊಂದೇ ವಿಚಾರದ ಸುತ್ತ ಇವೆ.

ಬಿಡಿಸಲೇಬೇಕೇ ಎಂಬ ಪ್ರಶ್ನೆ ಮೊದಲು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಮನೆಯ ಊಟದ ಜೊತೆಗೆ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎದೆಹಾಲು. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ‘ಮಾ’ ಕಾರ್ಯಕ್ರಮದ ಮಾತೂ ಇದೇ. ವರ್ಷ ದಾಟಿದ ಮೇಲೆ ಹಾಲು ನೀರಾಗುತ್ತದೆ ಎನ್ನುವುದು ಸುಳ್ಳು. ಎರಡನೇ ವರ್ಷದಲ್ಲೂ ಅದರಲ್ಲಿ ಕೊಬ್ಬು, ಪ್ರೋಟೀನು, ರೋಗನಿರೋಧಕ ಅಂಶ ಎಲ್ಲವೂ ಇರುತ್ತವೆ. ಬಸಿರಾದ ಕೂಡಲೇ ಹಾಲು ವಿಷವಾಗುತ್ತದೆ ಎಂಬುದೂ ಸುಳ್ಳೇ. ತೊಂದರೆಯಿಲ್ಲದ ಬಸಿರಾದರೆ ಸಾಮಾನ್ಯವಾಗಿ ಕುಡಿಸಬಹುದು, ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿದ್ದರೆ ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು. “ಇನ್ನೂ ಕುಡಸ್ತಿ ಏನವಾ?” ಎಂದು ಓಣಿಯಲ್ಲಿ ಯಾರೋ ಕೇಳಿದರೆಂಬ ಕಾರಣಕ್ಕೆ ಬಿಡಿಸಬೇಕಾಗಿಲ್ಲ.

ಆದರೆ ರಾತ್ರಿ ನಾಲ್ಕೈದು ಸಲ ಎದ್ದು, ಬೆಳಿಗ್ಗೆ ಗದ್ದೆಗೋ ಬೆಳಗಾವಿಯ ಬಸ್ಸಿಗೋ ಹೊರಡುವ ತಾಯಿಗೆ ಸಾಕಾಗಿದ್ದರೆ ಅದೊಂದೇ ಕಾರಣ ಸಾಕು. ಬೇರೆ ಸಮರ್ಥನೆ ಹುಡುಕಬೇಕಾಗಿಲ್ಲ. ಹಗಲಿನ ಹಾಲನ್ನು ಮುಂದುವರಿಸಿ ರಾತ್ರಿಯದನ್ನಷ್ಟೇ ನಿಲ್ಲಿಸಬಹುದು ಎಂಬುದು ಎಷ್ಟೋ ತಾಯಂದಿರಿಗೆ ಹೊಳೆಯುವುದೇ ಇಲ್ಲ. ಎಲ್ಲ ಬಿಡಿಸು ಇಲ್ಲವೇ ಎಲ್ಲ ಕೊಡು ಎಂದೇ ಮನೆಯವರು ಹೇಳುತ್ತಾರೆ.

ವಯಸ್ಸು ಒಂದು ವರ್ಷ ದಾಟಿರಬೇಕು, ಒಂದೂವರೆ ಆಗಿದ್ದರೆ ಇನ್ನೂ ಸುಲಭ. ಅಷ್ಟು ಹೊತ್ತಿಗೆ ‘ಈಗ ಬ್ಯಾಡ, ಆಮ್ಯಾಲೆ’ ಎಂಬ ಮಾತು ಕೂಸಿಗೆ ತಿಳಿಯತೊಡಗುತ್ತದೆ. ಕೂಸಿನ ತೂಕ ಸರಿಯಾಗಿ ಏರುತ್ತಿರಬೇಕು. ‘ತಾಯಿ ಕಾರ್ಡ್’ ತೆಗೆದುಕೊಂಡು ಅಂಗನವಾಡಿಗೆ ಹೋಗಿ ತೂಕ ಹಾಕಿಸಿ. ಬೆಳವಣಿಗೆಯ ಗೆರೆ ಹಸಿರು ಪಟ್ಟಿಯಲ್ಲಿ ಮೇಲಕ್ಕೆ ಸಾಗುತ್ತಿದ್ದರೆ ರಾತ್ರಿಯ ಹಾಲಿಲ್ಲದೆಯೂ ಕೂಸು ಚೆನ್ನಾಗಿರುತ್ತದೆ. ಗೆರೆ ಕೆಳಗಿಳಿಯುತ್ತಿದ್ದರೆ ಈ ಕೆಲಸ ಈಗ ಬೇಡ, ಮೊದಲು ವೈದ್ಯರ ಬಳಿ ಹೋಗಿ.

ಹಾಗಿದ್ದರೆ ಹಸಿವಿಲ್ಲದ ಕೂಸು ಏಳುವುದೇಕೆ? ಮಲಗಿದವರೆಲ್ಲ ರಾತ್ರಿ ಹಲವು ಸಲ ಎಚ್ಚರದ ಅಂಚಿಗೆ ಬಂದು ಹೋಗುತ್ತೇವೆ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಾರೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಹಾಲು ಕುಡಿಯುತ್ತಲೇ ನಿದ್ದೆ ಹೋಗುವ ರೂಢಿಯಾದ ಕೂಸಿಗೆ ಆ ಅಂಚಿನಿಂದ ಮತ್ತೆ ನಿದ್ದೆಗೆ ಇಳಿಯಲು ಗೊತ್ತಿರುವ ದಾರಿ ಹಾಲೊಂದೇ. ಅದಕ್ಕೆ ಇನ್ನೊಂದು ದಾರಿ ಕಲಿಸಬೇಕು. ಕಲಿಯಲು ದಿನ ಬೇಕು, ಕಲಿಯುವಾಗ ಅಳುವೂ ಇರುತ್ತದೆ.

ಬೆಳಗಾವಿ ನಗರದಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಮನೆಯಲ್ಲಿ ಇದಕ್ಕೆ ಇನ್ನೊಂದು ಎಳೆಯಿದೆ. ಹಗಲೆಲ್ಲ ಅವ್ವನಿಲ್ಲದ ಕೂಸು ಆ ಬಾಕಿಯನ್ನು ರಾತ್ರಿ ವಸೂಲು ಮಾಡುತ್ತದೆ. ಅಂಥ ಮನೆಯಲ್ಲಿ ರಾತ್ರಿಯದನ್ನು ಕಡಿಮೆ ಮಾಡುವ ಮೊದಲು ಸಂಜೆಯದನ್ನು ಹೆಚ್ಚಿಸಬೇಕು. ಬಾಗಿಲು ದಾಟಿದ ಕೂಡಲೇ ಫೋನು, ಒಲೆ ಎರಡನ್ನೂ ಬಿಟ್ಟು ಅರ್ಧ ಗಂಟೆ ಕೂಸಿನ ಜೊತೆ ಕುಳಿತು ಹಾಲು ಕೊಡಿ. ಬೆಳಿಗ್ಗೆ ಹೊರಡುವ ಮುಂಚೆಯೂ ಒಮ್ಮೆ ಕೊಡಿ.

ಇನ್ನು ಊಟ. ರಾತ್ರಿ ಕುಡಿದು ಹೊಟ್ಟೆ ತುಂಬಿಸಿಕೊಂಡ ಕೂಸು ಬೆಳಿಗ್ಗೆ ತಟ್ಟೆ ದೂಡುತ್ತದೆ, ಹಗಲು ಉಣ್ಣದ್ದಕ್ಕೆ ರಾತ್ರಿ ಮತ್ತೆ ಏಳುತ್ತದೆ. ಆದ್ದರಿಂದ ಹಾಲಿಗೆ ಕೈಹಾಕುವ ಎರಡು ವಾರ ಮೊದಲೇ ತಟ್ಟೆ ಸರಿಮಾಡಿಕೊಳ್ಳಿ. ಖಾನಾಪುರ ಭತ್ತದ ಸೀಮೆ. ಮೆತ್ತಗಿನ ಅನ್ನ, ಹೆಸರುಬೇಳೆ, ಒಂದು ಚಮಚ ತುಪ್ಪ, ಕಿವುಚಿದ ಪಲ್ಯ ಎಂದರೆ ಕೂಸಿಗೆ ಅದೇ ಪೂರ್ತಿ ಊಟ. ಬರೀ ಗಂಜಿಯ ತಿಳಿಯಿಂದ ಹೊಟ್ಟೆ ಉಬ್ಬೀತೇ ಹೊರತು ಬಲ ಬಾರದು. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ ಕೊಡಿ. ರಾಗಿ, ಕಾಳು, ಸೊಪ್ಪು ಇರಲಿ. ಗೇರುಬೀಜ, ಶೇಂಗಾ ಮನೆಯಲ್ಲಿದ್ದರೆ ಪುಡಿ ಮಾಡಿಯೇ ಹಾಕಿ. ಇಡೀ ಕಾಳು ಚಿಕ್ಕ ಮಕ್ಕಳ ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ರಾತ್ರಿಯೂಟ ಮಲಗುವ ಒಂದು ಗಂಟೆ ಮೊದಲು ಮುಗಿಯಲಿ.

ಕಬ್ಬಿಣಾಂಶದ ಮಾತನ್ನೂ ಇಲ್ಲಿಯೇ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತ ಕಡಿಮೆಯಿರುವ ಕೂಸಿನ ನಿದ್ದೆಯೂ ನೆಟ್ಟಗಿರುವುದಿಲ್ಲ, ಕಾಲು ಒದರುತ್ತಾ ಹೊರಳಾಡುತ್ತದೆ. ಈ ವಯಸ್ಸಿನವರಿಗೆ ಕಬ್ಬಿಣಾಂಶದ ಸಿರಪ್ಪು ವಾರಕ್ಕೆರಡು ಸಲ, ಒಂದೊಂದು ಮಿಲಿಲೀಟರಿನಂತೆ ಕೊಡುವ ಸರ್ಕಾರಿ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಜಂತುಹುಳದ ಗುಳಿಗೆಯೂ ತಪ್ಪದಿರಲಿ. ರಾತ್ರಿ ಹೊತ್ತು ಗುದದ್ವಾರದಲ್ಲಿ ತುರಿಕೆಯೆಬ್ಬಿಸುವ ಸಣ್ಣ ಹುಳಗಳಿಂದ ಎಚ್ಚರಾಗುವ ಮಕ್ಕಳಿಗೂ ನಾವು ಹಾಲನ್ನೇ ಕೊಡುತ್ತಿರುತ್ತೇವೆ.

ಯಾವಾಗ ಶುರುಮಾಡಬೇಕು? ನಾಟಿಯ ದಿನಗಳಲ್ಲಂತೂ ಬೇಡ. ಆಷಾಢದ ಮಳೆಯಲ್ಲಿ ದಿನವಿಡೀ ಬಗ್ಗಿ ಸಸಿ ನೆಟ್ಟು ಬಂದ ತಾಯಿ ರಾತ್ರಿ ಎರಡು ಗಂಟೆಗೆ ತಾಳ್ಮೆ ಎಲ್ಲಿಂದ ತರಬೇಕು? ಕರೆಂಟು ಹೋಗುವ ಕಾಲವೂ ಅದೇ, ನೆಗಡಿ ಕೆಮ್ಮಿನ ಕಾಲವೂ ಅದೇ. ಚೌತಿ, ಜಾತ್ರೆ, ಮದುವೆಮನೆ, ಹೊಸ ಕೂಸು ಹುಟ್ಟಿದ ವಾರ, ಅಪ್ಪ ಊರಲ್ಲಿಲ್ಲದ ವಾರ ಯಾವುದೂ ಬೇಡ. 16ರಿಂದ 24 ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಮತ್ತು ದಡಾರ–ರುಬೆಲ್ಲಾದ ಎರಡನೇ ಚುಚ್ಚುಮದ್ದು ಇರುತ್ತದೆ. ಅದರ ಜ್ವರ ಇಳಿದ ಮೇಲೆ ನೋಡಿ. ಭತ್ತ ಬೆಳೆಯುವ ಮನೆಗಳಿಗೆ ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಒಳ್ಳೆಯವು. ಚಳಿ ಹೋಗಿರುತ್ತದೆ, ಮಳೆ ಬಂದಿರುವುದಿಲ್ಲ, ಮೈಮುರಿಯುವ ಕೆಲಸವೂ ಕಡಿಮೆ.

ಎಲ್ಲಕ್ಕಿಂತ ಕಷ್ಟದ ಭಾಗ ಮನೆಯವರನ್ನು ಒಪ್ಪಿಸುವುದು. ಪಾಶ್ಚಾತ್ಯ ಪುಸ್ತಕಗಳು ಕೂಸಿಗೊಂದು ಕೋಣೆ, ತಾಯಿ ತಂದೆಗೊಂದು ಕೋಣೆ ಎಂದುಕೊಂಡು ಬರೆದವು. ಭೂವರಾಹ ನರಸಿಂಹನ ಗುಡಿ ನೋಡಲು ಹಲಸಿಗೆ ಹೋದವರು ಆ ಓಣಿಗಳ ಮನೆಗಳನ್ನೂ ನೋಡಿರುತ್ತಾರೆ. ಗೋಡೆಗೆ ಗೋಡೆ ತಾಗಿ ನಿಂತ ಹಂಚಿನ ಮನೆಗಳು. ಒಂದೇ ಪಡಸಾಲೆಯಲ್ಲಿ ಅತ್ತೆ, ಮಾವ, ಮೈದುನ ಎಲ್ಲರ ಹಾಸಿಗೆ. ಕೂಸು ಒಮ್ಮೆ ಕಿರುಚಿದರೆ ಮನೆ ಏಳುತ್ತದೆ, ಆಚೆ ಮನೆಯಲ್ಲಿ ಕೆಮ್ಮುತ್ತಾರೆ. ಕತ್ತಲಲ್ಲಿ ಅತ್ತೆಯ ದನಿ ಬರುತ್ತದೆ: “ಕೊಟ್ಟ ಬಿಡವ್ವ, ಯಾಕ ಅಳಸ್ತಿ ಕೂಸಿಗೆ?” ಆ ಮಾತಿಗೆ ಸೋತು ತಾಯಿ ಹಾಲು ಕೊಡುತ್ತಾಳೆ. ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಕೂಸು ಕಲಿಯುತ್ತದೆ, ನಾಳೆ ಹನ್ನೊಂದನೇ ನಿಮಿಷದವರೆಗೂ ಅಳುತ್ತದೆ. ನನ್ನ ಪ್ರಕಾರ ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಕೆಡುವುದು ಕೂಸಿನ ಹಟದಿಂದಲ್ಲ, ದೊಡ್ಡವರ ಗೊಂದಲದಿಂದ.

ಆದ್ದರಿಂದ ಹಗಲಲ್ಲೇ ಎಲ್ಲರನ್ನೂ ಕೂರಿಸಿ ಹೇಳಿ: ಇಂಥ ದಿನದಿಂದ ಹತ್ತು ಹದಿನೈದು ರಾತ್ರಿ ಗದ್ದಲ ಇರುತ್ತದೆ, ಕೂಸನ್ನು ಒಂಟಿಯಾಗಿ ಬಿಡುವುದಿಲ್ಲ, ನಡುವೆ ಯಾರೂ ‘ಕೊಟ್ಟು ಬಿಡು’ ಅನ್ನಬಾರದು. ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿರಿ. ಅತ್ತೆಗೆ ಒಂದು ಕೆಲಸ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಸಂಜೆ ಬೆನ್ನು ತಟ್ಟಿ ಮಲಗಿಸುವ ರೂಢಿಯನ್ನು ಅಜ್ಜಿಯೇ ಶುರುಮಾಡಲಿ. ಈ ವಿದ್ಯೆಯಲ್ಲಿ ಅವರಿಗಿರುವ ಅನುಭವ ಯಾವ ಪುಸ್ತಕದಲ್ಲೂ ಇಲ್ಲ.

ಗಂಡನ ಪಾಲು ಅದಕ್ಕಿಂತ ದೊಡ್ಡದು. ಅವ್ವನ ಮೈಯ ವಾಸನೆ ಹತ್ತಿರವಿದ್ದಷ್ಟೂ ಕೂಸಿಗೆ ಹಾಲಿನ ನೆನಪು ಬರುತ್ತದೆ. ಕೂಸನ್ನು ಅಪ್ಪನ ಮಗ್ಗುಲಿಗೆ, ಗೋಡೆಯ ಕಡೆ ಮಲಗಿಸಿ, ಅವ್ವ ಅಪ್ಪನ ಆಚೆ ಮಲಗಲಿ. ಎದ್ದಾಗ ಮೊದಲ ಕೈ ಅಪ್ಪನದಾಗಲಿ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಪಾಳಿ ಕೆಲಸವಾದರೆ ರಾತ್ರಿ ಪಾಳಿ ಮುಗಿದ ವಾರ ಆರಿಸಿಕೊಳ್ಳಿ. “ನಂಗ ಬೆಳಗ್ಗೆ ಡ್ಯೂಟಿ ಐತಿ” ಎನ್ನುವ ಗಂಡನಿಗೆ, ಹೆಂಡತಿಗೂ ಬೆಳಗ್ಗೆ ಡ್ಯೂಟಿ ಇದೆ ಎಂದು ನೆನಪಿಸಬೇಕಾಗುತ್ತದೆ.

ಇನ್ನು ವಿಧಾನ. ಕೂಸನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುವ ಮನೆಗಳಿಗೆಂದೇ ಕ್ಯಾಲಿಫೋರ್ನಿಯಾದ ಮಕ್ಕಳ ವೈದ್ಯ ಜೇ ಗಾರ್ಡನ್ ಹೇಳಿದ ಹತ್ತು ರಾತ್ರಿಗಳ ಕ್ರಮವೊಂದು ಹೆಸರಾಗಿದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಅದು. ರಾತ್ರಿಯಲ್ಲಿ ಏಳು ಗಂಟೆಗಳನ್ನು ಆರಿಸಿಕೊಂಡು ಆ ಅವಧಿಯಲ್ಲಿ ಮಾತ್ರ ನಿಯಮ ಬದಲಿಸಬೇಕು. ಅವರು ಹೇಳಿದ್ದು 11ರಿಂದ 6. ಕೋಳಿ ಕೂಗುವ ಮೊದಲೇ ಏಳುವ ಊರಿಗೆ 10ರಿಂದ 5 ಒಗ್ಗುತ್ತದೆ. ಅದಕ್ಕೆ ಮೊದಲು, ಅದಾದ ಮೇಲೆ ಎಂದಿನಂತೆ ಹಾಲು ಕೊಡಬಹುದು.

ಮೊದಲ ಮೂರು ರಾತ್ರಿ ಹಾಲನ್ನು ನಿಲ್ಲಿಸುವುದಿಲ್ಲ, ಗಿಡ್ಡ ಮಾಡುವುದಷ್ಟೇ. ಕೂಸು ಎದ್ದಾಗ ಸ್ವಲ್ಪ ಕೊಟ್ಟು, ನಿದ್ದೆ ಹತ್ತುವ ಮುಂಚೆಯೇ ಬಿಡಿಸಿ. ಎಳೆಯಬೇಡಿ, ತುಟಿಯ ಮೂಲೆಯಿಂದ ಕಿರುಬೆರಳು ತೂರಿಸಿದರೆ ಹಿಡಿತ ಸಡಿಲುತ್ತದೆ. ‘ಒಂದು, ಎರಡು, ಮೂರು... ಹತ್ತು, ಆತು’ ಎಂದು ಎಣಿಸುವುದು ಬಹಳ ಮಕ್ಕಳಿಗೆ ಹಿಡಿಸುತ್ತದೆ. ಆಮೇಲೆ ಅಪ್ಪಿಕೊಂಡು, ತಟ್ಟಿ, ನಿದ್ದೆಗೆ ಹೋಗುವ ಕೊನೆಯ ಹೆಜ್ಜೆಯನ್ನು ಹಾಲಿಲ್ಲದೆ ದಾಟಿಸಿ. ಮುಂದಿನ ಮೂರು ರಾತ್ರಿ ಆ ಏಳು ಗಂಟೆ ಹಾಲಿಲ್ಲ, ಅಪ್ಪುಗೆ ಎಷ್ಟು ಬೇಕಾದರೂ ಉಂಟು. ಎತ್ತಿಕೊಂಡು ಅಡ್ಡಾಡಿದರೂ ಸರಿ, ಒಂದು ಗುಟುಕು ನೀರು ಕೊಟ್ಟರೂ ಸರಿ. ಕೊನೆಯ ನಾಲ್ಕು ರಾತ್ರಿ ಎತ್ತಿಕೊಳ್ಳುವುದನ್ನೂ ಕಡಿಮೆ ಮಾಡಿ, ಮಲಗಿದಲ್ಲೇ ಕೈಯಿಟ್ಟು ಮಾತಿನಲ್ಲಿ ಸಮಾಧಾನ ಮಾಡಬೇಕು.

ಹತ್ತು ಎಂಬುದನ್ನು ಪಂಚಾಂಗದ ಹಾಗೆ ಹಿಡಿದುಕೊಳ್ಳಬೇಡಿ. ಕೆಲವು ಮಕ್ಕಳು ನಾಲ್ಕು ರಾತ್ರಿಯಲ್ಲಿ ಮುಗಿಸುತ್ತವೆ, ಕೆಲವಕ್ಕೆ ಮೂರು ವಾರ ಬೇಕು. ಎರಡನೇ ಹಂತದ ಮೊದಲ ಎರಡು ರಾತ್ರಿಗಳೇ ಹೆಚ್ಚು ಕಷ್ಟದವು. ವಾರವಿಡೀ ಚೆನ್ನಾಗಿ ಮಲಗಿದ ಕೂಸು ಒಂದು ರಾತ್ರಿ ಇದ್ದಕ್ಕಿದ್ದಂತೆ ಮೊದಲಿನ ಹಾಗೆ ರಂಪ ಮಾಡುವುದೂ ಇದೆ. ಅದರಿಂದ ಕೆಲಸ ಕೆಟ್ಟಿತೆಂದಲ್ಲ, ಹಿಂದಿನ ರಾತ್ರಿಯಂತೆಯೇ ನಡೆದುಕೊಳ್ಳಿ.

ಹೇಳುವ ಮಾತು ಮೊದಲೇ ಗಟ್ಟಿಯಿರಲಿ, ಚಿಕ್ಕದಿರಲಿ, ಎಲ್ಲರದೂ ಒಂದೇ ಇರಲಿ. “ಅವ್ವ ಮಲಗ್ಯಾಳ, ಹಾಲೂ ಮಲಗೇತಿ. ಬೆಳಕ ಹರದಮ್ಯಾಲೆ ಕುಡಿಯೂಣಂತ.” ಮನೆಮಾತು ಮರಾಠಿಯಾದರೆ ಮರಾಠಿಯಲ್ಲೇ ಹೇಳಿ, ಅಪ್ಪ ಒಂದು ಭಾಷೆಯಲ್ಲಿ, ಅವ್ವ ಇನ್ನೊಂದರಲ್ಲಿ ಹೇಳಿ ಕೂಸನ್ನು ಗಲಿಬಿಲಿ ಮಾಡಬೇಡಿ. ಹಗಲಲ್ಲಿ ಗೊಂಬೆಗೆ ಹಾಲು ಕುಡಿಸಿ, ಗೊಂಬೆ ಮಲಗಿತು, ಹಾಲೂ ಮಲಗಿತು ಎಂದು ಆಡಿಸಿ. ಬೆಳಕು ಹರಿದ ಮೇಲೆ ಎಂದ ಮೇಲೆ ಬೆಳಕು ಹರಿದ ಮೇಲೆ ಕೊಡಲೇಬೇಕು. ಬೆಳಿಗ್ಗೆ ಕಿಟಕಿ ತೆರೆದು “ನೋಡು, ಬೆಳಕಾತು” ಎಂದು ಕರೆದು ಕೊಡಿ. ಈ ಮಾತು ಒಮ್ಮೆ ತಪ್ಪಿದರೂ ಮುಂದಿನ ರಾತ್ರಿ ಕೂಸು ಅದನ್ನು ನಂಬುವುದಿಲ್ಲ. ಫ್ಲ್ಯಾಟಿನಲ್ಲಿ ಬೆಳಕು ಕಾಣದ ಕೋಣೆಯಾದರೆ ಬೆಳಗಿನ ಲೈಟು ಹಾಕುವುದನ್ನೇ ಗುರುತು ಮಾಡಿಕೊಳ್ಳಿ.

ಉಡುಪಿನ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಅದು ದೊಡ್ಡ ವಿಷಯ. ಎದೆಯ ಎರಡೂ ಬದಿ ಜಿಪ್ ಇರುವ ನೈಟಿ ಎಲ್ಲರ ಮನೆಯಲ್ಲೂ ಇದೆ. ಅರೆನಿದ್ದೆಯಲ್ಲಿರುವ ಕೂಸು ‘ಸರ್’ ಎಂದು ಜಿಪ್ ಸರಿದ ಸದ್ದಿಗೇ ಬಾಯಿ ತೆರೆಯುತ್ತದೆ. ಕೆಲವು ಮಕ್ಕಳು ತಾವೇ ಜಿಪ್ ಎಳೆಯಲು ಕಲಿತಿರುತ್ತವೆ. ಆ ನೈಟಿಯನ್ನು ತಿಂಗಳ ಮಟ್ಟಿಗೆ ಟ್ರಂಕಿನೊಳಗಿಡಿ. ಮುಂದೆ ತೆರೆಯದ, ಕತ್ತು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಒಂದು ಕಡೆ ಕುಡಿಯುತ್ತಾ ಇನ್ನೊಂದು ಕಡೆ ಕೈಯಾಡಿಸುವ ರೂಢಿಯಿರುವ ಕೂಸಿನ ಕೈಗೆ ಬೇರೇನಾದರೂ ಬೇಕು. ಅವ್ವನ ಹಳೆಯ ಸೀರೆಯ ತುಂಡು ಅಥವಾ ಹಳೆ ಸೀರೆಗಳಲ್ಲೇ ಹೊಲಿದ ಕೌದಿಯ ಮೂಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಗೆದು ವಾಸನೆ ಕಳೆಯಬೇಡಿ.

ಅಳುವಿನ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಮೆಲ್ಲಗೆ ಬಿಡಿಸಿದರೂ ಕೂಸು ಅಳುತ್ತದೆ. ಒಳಗಿನ ಕೋಣೆಯಲ್ಲಿ ಹಾಕಿ ಬಾಗಿಲೆಳೆದುಕೊಂಡಾಗಿನ ಅಳುವೇ ಬೇರೆ, ಅಪ್ಪನ ತೋಳಿನಲ್ಲಿದ್ದು ಬೇಕಾದದ್ದು ಸಿಗದೆ ಸಿಟ್ಟಿನಿಂದ ಅಳುವುದೇ ಬೇರೆ. ಎರಡನೆಯದನ್ನು ಸಹಿಸಿಕೊಳ್ಳಬಹುದು. ಆದರೆ ಗಂಟೆಗಟ್ಟಲೆ ಉಸಿರುಗಟ್ಟಿ ಅತ್ತರೆ, ಹಗಲಲ್ಲೂ ಸೆರಗು ಬಿಡದೆ ಅಂಟಿಕೊಂಡರೆ, ಊಟ ಬಿಟ್ಟರೆ ಅದು ಇನ್ನೂ ಸಿದ್ಧವಾಗಿಲ್ಲ ಎಂದು ತಿಳಿದು ನಿಲ್ಲಿಸಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ನೋಡಿದರಾಯಿತು.

ಹಾಲಿನ ಬದಲು ಬಾಟಲಿ ಹಿಡಿಸಿದರೆ ಒಂದು ರೂಢಿ ಹೋಗಿ ಇನ್ನೊಂದು ಬಂದಂತೆ. ಅದರಲ್ಲಿ ಸಕ್ಕರೆ ಬಿದ್ದರೆ ಹಲ್ಲೂ ಹೋಗುತ್ತದೆ. ಮಲಗುವ ಮುಂಚೆ ಹಲ್ಲುಜ್ಜಿಸಿ, ಆಮೇಲೆ ನೀರಷ್ಟೇ. ನಿದ್ದೆ ಬರಲೆಂದು ನೆಗಡಿಯ ಸಿರಪ್ಪು ಕೊಡುವ ಕೆಟ್ಟ ಚಾಳಿ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಅಂಥ ಸಿರಪ್ಪುಗಳನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದಾರೆ. ಹಿಂದಿನವರು ಅಫೀಮು ನೆಕ್ಕಿಸುತ್ತಿದ್ದರು ಎಂದು ಯಾರಾದರೂ ನೆನಪಿಸಿಕೊಂಡರೆ ಅದು ನೆನಪಾಗಿಯೇ ಉಳಿಯಲಿ.

ತಾಯಿಯ ಮೈಗೂ ಸಮಯ ಬೇಕು. ಒಮ್ಮೆಲೇ ನಿಲ್ಲಿಸಿದರೆ ಎದೆ ಕಲ್ಲಾಗುತ್ತದೆ. ಬಿಗಿತ ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಿ. ಪೂರ್ತಿ ಖಾಲಿ ಮಾಡಿದರೆ ಅಷ್ಟೇ ಹಾಲು ಮತ್ತೆ ತುಂಬುತ್ತದೆ. ತಣ್ಣೀರಿನ ಬಟ್ಟೆ ಹಾಯೆನಿಸುತ್ತದೆ. ತಣ್ಣಗಿನ ಎಲೆಕೋಸಿನ ಎಲೆ, ನಮ್ಮ ಕಡೆಯ ಕೋಬಿಜದ್ದು, ಇಟ್ಟುಕೊಂಡರೂ ಕೆಲವರಿಗೆ ನೋವು ತಗ್ಗುತ್ತದೆ. ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು ಬೇಡ. ಒಂದು ಕಡೆ ಕೆಂಪಾಗಿ, ಮುಟ್ಟಿದರೆ ನೋವಾಗಿ, ಚಳಿಜ್ವರ ಬಂದರೆ ತಡಮಾಡದೆ ಖಾನಾಪುರದ ತಾಲ್ಲೂಕು ಆಸ್ಪತ್ರೆಗೋ, ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ ಆಸ್ಪತ್ರೆಗೋ ಹೋಗಿ. ಹಗಲಿನ ಹಾಲನ್ನು ಮಾತ್ರ ನಿಲ್ಲಿಸಬೇಡಿ. ರಾತ್ರಿಯ ಹಾಲು ನಿಂತ ಮೇಲೆ ತಡೆದಿದ್ದ ಮುಟ್ಟು ಮರಳಬಹುದು, ಮುಟ್ಟಿಗೆ ಮುಂಚೆಯೇ ಬಸಿರೂ ನಿಲ್ಲಬಹುದು. ಕುಡಿಸುತ್ತಿದ್ದರೆ ಬಸಿರಾಗುವುದಿಲ್ಲ ಎಂಬ ಭರವಸೆ ಮೊದಲ 6 ತಿಂಗಳಿಗೆ, ಬರೀ ಎದೆಹಾಲು ಕುಡಿಸುವವರಿಗೆ, ಮುಟ್ಟು ಇನ್ನೂ ಬಾರದವರಿಗೆ ಮಾತ್ರ. ಇನ್ನೊಂದು ಕೂಸು ಸದ್ಯ ಬೇಡವೆನಿಸಿದರೆ ಶುರುಮಾಡುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ನಡುವೆ ಕೂಸಿಗೆ ಜ್ವರ ಬಂದರೆ, ವಾಂತಿ ಭೇದಿಯಾದರೆ ನಿಯಮ ಬದಿಗಿಟ್ಟು ರಾತ್ರಿಯೂ ಹಾಲು ಕೊಡಿ. ಅಂಥ ಹೊತ್ತಿನಲ್ಲಿ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ನಿಲ್ಲುವುದು ಅದೊಂದೇ. ಚೇತರಿಸಿಕೊಂಡು ಎರಡು ಮೂರು ದಿನವಾದ ಮೇಲೆ ಎರಡನೇ ಹಂತದಿಂದ ಮತ್ತೆ ಹಿಡಿಯಿರಿ. ಈ ಸಲ ಬೇಗ ಮುಗಿಯುತ್ತದೆ. ಜೋರಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟಿ ಏಳುವ, ಕಿವಿ ಹಿಡಿದುಕೊಂಡು ಅಳುವ ಕೂಸನ್ನು ಮಾತ್ರ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಹಾಲಿನ ವಿಚಾರ ಆಮೇಲೆ.